ಹಳೆಯದು ಮೊದಲು

ಟೋಕನಪ್ಪನ ಮನೆಗೆ ಕಂಪ್ಯೂಟರ್ ಬಂದ ದಿನವೇ ಅವನ ಹೆಂಡತಿಯ ಹೊಲಿಗೆ ಯಂತ್ರ ಬಚ್ಚಲುಮನೆಯ ಬಾಗಿಲ ಪಕ್ಕಕ್ಕೆ ಹೋಯಿತು. ಆ ಮನೆಯಲ್ಲಿ ಬೆಳಕು ಬೀಳುವ ಕಿಟಕಿ ಒಂದೇ, ಕಿಟಕಿಯ ಕೆಳಗಿನ ಮೇಜೂ ಒಂದೇ. ಎರಡು ಯಂತ್ರಗಳು ಅದರ ಮೇಲೆ ಕೂರಲಾರವು. ಹೀಗಾಗಿ ಹೊಸದು ಮೇಜೇರಿತು, ಹಳೆಯದು ಒಂದು ಸ್ಟೂಲಿನ ಮೇಲೆ ಒದ್ದೆ ಟವೆಲುಗಳ ಕೆಳಗೆ ಕೂತಿತು. ಹಿಂದೆ ಬಂದವರನ್ನು ಟೋಕನಪ್ಪ ಜೀವಮಾನದಲ್ಲಿ ಮುಂದೆ ಬಿಟ್ಟದ್ದು ಅದೊಂದೇ ಸಲ, ಅದಕ್ಕೆ ಅವನು ಚೆನ್ನಾಗಿಯೇ ಅನುಭವಿಸಿದ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ದೊಡ್ಡಾಸ್ಪತ್ರೆಯ ಮುಂಬಾಗಿಲಿನ ಟೋಕನ್ ಕಿಟಕಿಯಲ್ಲಿ ಕೂತು ಕೂತು ಆ ಹೆಸರು ಸವೆದುಹೋಗಿ ಟೋಕನಪ್ಪ ಉಳಿದಿತ್ತು. ಸರದಿ ಎಂದರೆ ಅವನಿಗೆ ಪ್ರಾಣ. ಒಮ್ಮೆ ಆಸ್ಪತ್ರೆಯ ಸೂಪರಿಂಟೆಂಡೆಂಟರ ಸೋದರತ್ತೆ ನೇರವಾಗಿ ಕಿಟಕಿಗೆ ಬಂದಾಗಲೂ "ಅಮ್ಮಾ, ಬಾಲ ಅಲ್ಲಿದೆ" ಎಂದು ಸಾಲಿನ ಕೊನೆ ತೋರಿಸಿದ ಮಹಾನುಭಾವ. ಆದರೆ ಈ ಶೌರ್ಯವೆಲ್ಲ ಕಿಟಕಿಯ ಗಾಜಿನ ಹಿಂದೆ ಇರುವಷ್ಟು ಹೊತ್ತು ಮಾತ್ರ. ಗಾಜಿಲ್ಲದ ಕಡೆ ಯಾರೇ ಎದುರು ನಿಂತು ಏನೇ ಕೇಳಲಿ, ಅವನ ಬಾಯಿಂದ "ಆಗಲ್ಲ" ಎಂಬ ಮಾತು ಹೊರಡುತ್ತಿರಲಿಲ್ಲ. ಕಂಪ್ಯೂಟರಿಗೂ ಗಾಜು ಇದೆಯಲ್ಲ ಅನ್ನಬಹುದು. ಇದೆ, ಆದರೆ ಅಲ್ಲಿ ಗಾಜಿನ ಒಳಗೆ ಕೂತವರು ಬೇರೆಯವರು. ಪಾಪ, ಟೋಕನಪ್ಪ ಹೊರಗೆ ನಿಂತವನು.

"ಮೇಜು ಬಿಟ್ಕೊಡ್ತೀನಿ, ಆದ್ರೆ ಒಂದು ಮಾತು," ಅಂದಿದ್ದಳು ಹೆಂಡತಿ. ಅವಳಿಗೆ ಕೆಲಸ ಕೊಡುತ್ತಿದ್ದ ಬಟ್ಟೆ ಅಂಗಡಿ ಬಾಗಿಲು ಹಾಕಿ ತಿಂಗಳುಗಳಾಗಿದ್ದವು. "ನಿಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಗೌನು ಹೊಲಿಯೋ ಕೆಲಸ ಹೊರಗಿನೋರಿಗೆ ಕೊಡ್ತಾರಂತೆ. ಸಿಕ್ಕಿದ್ರೆ ವರ್ಷಪೂರ್ತಿ ಕೈತುಂಬ ಕೆಲಸ. ಯಾವಾಗ ಕರೀತಾರೆ ಅಂತ ನೋಡಿ ಹೇಳ್ಬೇಕು."

"ಅದಕ್ಕೇನಂತೆ! ಈಗೆಲ್ಲ ವೆಬ್‌ಸೈಟಲ್ಲೇ ಹಾಕ್ತಾರೆ. ಹಾಕಿದ ತಕ್ಷಣ ಈ ಪುಣ್ಯಾತ್ಮ ನಮಗೆ ತಿಳಿಸ್ತಾನೆ," ಎಂದು ಟೋಕನಪ್ಪ ಕಂಪ್ಯೂಟರಿನ ಬೆನ್ನು ತಟ್ಟಿದ.

"ಅಲ್ಲೇ ಕೆಲಸ ಮಾಡ್ತೀರಲ್ಲ, ಬಾಯಿಬಿಟ್ಟು ಕೇಳಿದ್ರಾಗಲ್ವೇನ್ರೀ?"

"ಅದು ಸ್ಟೋರ್ಸಿನ ವಿಚಾರ. ಸ್ಟೋರ್ಸು ಹಿಂದಿನ ಕಟ್ಟಡದಲ್ಲಿ, ನಾನು ಮುಂದಿನ ಕಿಟಕೀಲಿ. ಒಬ್ಬರ ವಿಚಾರಕ್ಕೆ ಇನ್ನೊಬ್ಬರು ತಲೆ ಹಾಕೋದು ಪದ್ಧತಿ ಅಲ್ಲ ಕಣೇ."

ಅವಳು ಅದೇ ವಾರ ಮಾದರಿಗೆಂದು ಒಂದು ಗೌನು ಹೊಲಿದು, ಇಸ್ತ್ರಿ ಮಾಡಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. ಬಚ್ಚಲುಮನೆಯ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಲು ಅವಳು ಪ್ರತಿ ಸಲವೂ ಎದ್ದು ಕಿಟಕಿಯ ತನಕ ಬರಬೇಕಾಗಿತ್ತು. ಬಂದಾಗಲೆಲ್ಲ "ಬಂತೇನ್ರೀ?" ಎನ್ನುವಳು. "ಬರುತ್ತೆ, ಬರುತ್ತೆ" ಎನ್ನುವನು ಇವನು.

ಮೊದಲ ಪೇಚು ಬ್ರೌಸರಿನದು. ಕಂಪ್ಯೂಟರ್ ಮಾರುವ ಅಂಗಡಿಯಲ್ಲಿದ್ದ ಭಾಮೈದ ಬಂದು ಒಂದನ್ನು ಹಾಕಿಕೊಟ್ಟ. "ಭಾವ, ಇದನ್ನ ಬಿಟ್ಟು ಬೇರೆದನ್ನ ಮುಟ್ಟಬೇಡಿ. ವೇಗ ಅಂದ್ರೆ ವೇಗ." ಮಾರನೆಯ ದಿನ ಮೇಲ್ಮನೆಯ ಮೇಷ್ಟ್ರು ಮೆಟ್ಟಿಲಿಳಿದು ಬಂದರು. ರಿಟೈರಾದ ಮೇಲೂ ಇಡೀ ಕಟ್ಟಡವನ್ನು ತಮ್ಮ ಕ್ಲಾಸೆಂದೇ ತಿಳಿದಿದ್ದವರು. ಪರದೆ ನೋಡಿ ತಲೆಯಾಡಿಸಿ, "ವೇಗ ತಗೊಂಡು ಏನ್ ಮಾಡ್ತೀಯಪ್ಪಾ? ನಿನಗೇನು ರೈಲು ಹಿಡಿಯೋದಿದ್ಯಾ? ಭದ್ರತೆ ಮುಖ್ಯ" ಎಂದು ತಮ್ಮದನ್ನು ಹಾಕಿಸಿದರು. ಆಸ್ಪತ್ರೆಯಲ್ಲಿ ಸೂಪರಿಂಟೆಂಡೆಂಟರು ಮೂರನೆಯದರ ಹೆಸರು ಹೇಳಿದರು. ಮೇಲಧಿಕಾರಿ ಬಾಯಿಂದ ಬಂದದ್ದು ಸಲಹೆಯೋ ಆಜ್ಞೆಯೋ ಗೊತ್ತಾಗದೆ ಅದನ್ನೂ ಹಾಕಿಕೊಂಡದ್ದಾಯಿತು.

ಈ ಮೂರೂ ತೆರೆದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದವು: "ನನ್ನನ್ನು ನಿಮ್ಮ ಮುಖ್ಯ ಬ್ರೌಸರ್ ಮಾಡಿಕೊಳ್ಳುವಿರಾ?" ಇಷ್ಟು ವಿನಯದಿಂದ ಕೇಳಿದರೆ ಬೇಡ ಅನ್ನುವುದು ಹೇಗೆ? ಟೋಕನಪ್ಪ ಮೂವರಿಗೂ "ಆಗಲಿ" ಎಂದ. ಒಬ್ಬನಿಗೆ ಆಗಲಿ ಎಂದೊಡನೆ ಹಿಂದಿನವನ ಪಟ್ಟ ಹೋಗುತ್ತಿತ್ತು, ಅವನು ಮತ್ತೆ ಕೇಳುತ್ತಿದ್ದ, ಇವನು ಮತ್ತೆ ಆಗಲಿ ಎನ್ನುತ್ತಿದ್ದ. ಮನೆಗೆ ಭಾಮೈದ ಬಂದರೆ ಭಾಮೈದನ ಬ್ರೌಸರ್, ಮೆಟ್ಟಿಲ ಮೇಲೆ ಮೇಷ್ಟ್ರ ಕೆಮ್ಮು ಕೇಳಿಸಿದರೆ ಮೇಷ್ಟ್ರ ಬ್ರೌಸರ್. ಒಂದು ಭಾನುವಾರ ಇಬ್ಬರೂ ಒಟ್ಟಿಗೇ ಬಂದುಬಿಟ್ಟರು. ಟೋಕನಪ್ಪ ಕರೆಂಟು ಹೋಗಿದೆ ಎಂದ. ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು.

ಆವತ್ತು ಮೇಷ್ಟ್ರು ಮೆಟ್ಟಿಲೇರಿ ಹೋದ ಮೇಲೆ ಭಾಮೈದ ಕಂಪ್ಯೂಟರಿಗೆ ಒಂದು ನ್ಯೂಸ್‌ರೀಡರನ್ನೂ ಹಾಕಿಕೊಟ್ಟ. "ನೋಡಿ ಭಾವ, ಒಂದೊಂದು ಸೈಟಿಗೂ ನೀವೇ ಹೋಗಿ ಏನು ವಿಶೇಷ ಅಂತ ಕೇಳೋ ಕಷ್ಟ ಇಲ್ಲ. ಯಾರ್‍ಯಾರ ಸುದ್ದಿ ಬೇಕು ಹೇಳಿ, ಇದೇ ಹೋಗಿ ಹೊತ್ಕೊಂಡು ಬಂದು ಒಂದೇ ಕಡೆ ಸುರಿಯುತ್ತೆ." ಟೋಕನಪ್ಪ ಎರಡು ಸುದ್ದಿಪತ್ರಿಕೆ, ನೀರಿನ ಇಲಾಖೆ, ಕೊನೆಗೆ ದೊಡ್ಡಾಸ್ಪತ್ರೆ ಇಷ್ಟರ ಹೆಸರು ಹೇಳಿದ. ಭಾಮೈದ ಎಲ್ಲವನ್ನೂ ಸೇರಿಸಿ, ಕಾಫಿ ಕುಡಿದು ಹೊರಟುಹೋದ.

ಅವನು ಹೋದ ಮೇಲೆ ಪರದೆಯ ಮೂಲೆಯಲ್ಲಿ ಟೋಕನಪ್ಪನ ಕಣ್ಣಿಗೆ ಒಂದು ಸಾಲು ಬಿತ್ತು. "ಹೊಸದು ಮೊದಲು" ಎಂದಿತ್ತು. ಅವನ ಮೈ ಉರಿದುಹೋಯಿತು.

"ನೋಡಿದ್ಯೇನೇ ಅನ್ಯಾಯಾನ! ಈಗ ಬಂದೋನನ್ನ ಮೊದಲು ಬಿಡೋದಂತೆ. ಹಾಗಾದ್ರೆ ಬೆಳಗಿಂದ ಕಾಲು ನೋಯಿಸ್ಕೊಂಡು ನಿಂತೋರು ಏನಾಗ್ಬೇಕು?"

"ಯಾರು ನಿಂತಿದಾರೆ?" ಬಚ್ಚಲ ಕಡೆಯಿಂದ ಹೆಂಡತಿ ಕೇಳಿದಳು.

"ಸುದ್ದಿಗಳು!"

ಆ ಸಾಲನ್ನು ಒತ್ತಿದರೆ "ಹಳೆಯದು ಮೊದಲು" ಎಂದಾಯಿತು. ಆಗ ಟೋಕನಪ್ಪನಿಗೆ ನೆಮ್ಮದಿ. ನ್ಯೂಸ್‌ರೀಡರ್ ಪಾಪ, ಹೇಳಿದ ಹಾಗೆ ಕೇಳುವ ಪ್ರಾಣಿ. ನಾಲ್ಕು ವರ್ಷಗಳ ಹಿಂದಿನ ಸುದ್ದಿಯಿಂದ ಹಿಡಿದು ಎಲ್ಲವನ್ನೂ ಶಿಸ್ತಾಗಿ ಸಾಲಿನಲ್ಲಿ ನಿಲ್ಲಿಸಿತು. ಸುದ್ದಿಯ ಕೆಳಗೆ ತಾರೀಕು ಇತ್ತು, ತಿಂಗಳು ಇತ್ತು, ತಿಂಗಳು ನಡೆಯುತ್ತಿದ್ದ ತಿಂಗಳೇ ಆಗಿತ್ತು. ವರ್ಷ ಮಾತ್ರ ಇರಲಿಲ್ಲ. ಟೋಕನಿನ ಮೇಲೆ ವರ್ಷ ಬರೆಯುವ ಪದ್ಧತಿ ಟೋಕನಪ್ಪನ ಕಿಟಕಿಯಲ್ಲೂ ಇರಲಿಲ್ಲವಾದ್ದರಿಂದ ಅವನಿಗೆ ಅದೊಂದು ಕೊರತೆ ಅನ್ನಿಸಲಿಲ್ಲ. ದಿನಾ ಬೆಳಿಗ್ಗೆ ಕೂತು, "ಮುಂದಿನವರು ಬನ್ನಿ" ಎನ್ನುತ್ತ ಒಂದೊಂದನ್ನೇ ಅಕ್ಷರವೂ ಬಿಡದೆ ಓದಿ ಕಳಿಸತೊಡಗಿದ.

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಕೆಲಸಕ್ಕೆ ಹೊರಡುವಾಗ ಮೆಟ್ಟಿಲ ಬಳಿ ನಿಂತು, ಯಾರೂ ಕೇಳದಿದ್ದರೂ, ಒಂದೆರಡು ಸುದ್ದಿ ಹೇಳುತ್ತಿದ್ದ. ಒಂದು ಬೆಳಿಗ್ಗೆ "ಈರುಳ್ಳಿ ರೇಟು ಅರ್ಧಕ್ಕೆ ಇಳಿದಿದೆ" ಎಂದ. ಮೇಷ್ಟ್ರ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ತರಕಾರಿ ಗಾಡಿಯವನ ಮುಂದೆ ನಿಂತರು, ಹಿಂದೆ ಕಟ್ಟಡದ ಹೆಂಗಸರೆಲ್ಲ ನಿಂತರು. "ಯಾವ ಕಾಲದ ರೇಟು ಹೇಳ್ತೀರಮ್ಮಾ?" ಎಂದು ಗಾಡಿಯವನು ನಕ್ಕ. ಯಾರೂ ನಗಲಿಲ್ಲ. ಇಷ್ಟು ಜನ ಒಂದೇ ಬಾಯಲ್ಲಿ ಹೇಳುತ್ತಿದ್ದಾರೆ ಎಂದರೆ ಮಂಡಿಯಲ್ಲಿ ತನಗೇ ಟೋಪಿ ಹಾಕಿರಬೇಕು ಎಂದು ಹೆದರಿ ಅವನು ಅರ್ಧ ರೇಟಿಗೇ ತೂಗಿಕೊಟ್ಟ. ಆಮೇಲೆ ಮೂರು ದಿನ ಆ ಬೀದಿಗೆ ತಲೆ ಹಾಕಲಿಲ್ಲ. ಟೋಕನಪ್ಪನಿಗೆ ಕೂರಲೆಂದು ಮೆಟ್ಟಿಲ ಬಳಿ ಒಂದು ಕುರ್ಚಿ ಬಂತು.

ಅದೇ ವಾರ ಆಸ್ಪತ್ರೆಯ ಕಿಟಕಿಗೆ ಹೊಸ ತರಹದ ಜನ ಬರತೊಡಗಿದರು. ಬಟ್ಟೆ ಚೀಲ ಹಿಡಿದ ಹೆಂಗಸರು, ಕುತ್ತಿಗೆಗೆ ಟೇಪು ನೇತುಹಾಕಿಕೊಂಡ ಗಂಡಸರು. ಮುಖದಲ್ಲಿ ಕಾಯಿಲೆಯ ಲಕ್ಷಣ ಇಲ್ಲ. "ಸ್ಟೋರ್ಸಿಗೆ ಒಂದು ಟೋಕನ್ ಕೊಡಿ ಸಾರ್" ಎನ್ನುತ್ತಿದ್ದರು. ಯಾಕೆ ಎಂದು ಕೇಳುವುದು ಟೋಕನ್ ಕಿಟಕಿಯ ಕೆಲಸವಲ್ಲ. ಹರಿದು ಹರಿದು ಕೊಟ್ಟ. ಒಬ್ಬಾಕೆಯ ಚೀಲದಿಂದ ಇಣುಕುತ್ತಿದ್ದ ಗೌನು ನೋಡಿ, "ಅಂಚು ಸೊಟ್ಟಗಿದೆಯಲ್ಲಮ್ಮ, ನನ್ನ ಹೆಂಡತಿ ಇದಕ್ಕಿಂತ ಚೆನ್ನಾಗಿ ಹೊಲೀತಾಳೆ" ಎಂದೂ ಹೇಳಿದ. ಮನೆಗೆ ಹೋಗಿ ಇದನ್ನು ಅವಳಿಗೆ ಹೇಳಬೇಕು ಅಂದುಕೊಂಡ. ಆದರೆ ಮನೆಯಲ್ಲಿ ಸುದ್ದಿಗಳು ಸರದಿಯಲ್ಲಿ ಕಾಯುತ್ತಿದ್ದವು.

ಮರುದಿನ ಬೆಳಗಿನ ಸರದಿಯಲ್ಲಿ ನೀರಿನ ಇಲಾಖೆಯ ಪ್ರಕಟಣೆ ಬಂದು ನಿಂತಿತು. ದೊಡ್ಡ ಪೈಪಿನ ದುರಸ್ತಿ, ನಾಳೆಯಿಂದ ಮೂರು ದಿನ ಈ ಭಾಗಕ್ಕೆ ನೀರಿಲ್ಲ. ಟೋಕನಪ್ಪ ಕುರ್ಚಿಯಲ್ಲಿ ಕೂರದೆ ನಿಂತೇ ಸಾರಿದ. ಸಾರಿ, ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದ.

ಆಮೇಲೆ ನಡೆದದ್ದನ್ನು ಏನೆಂದು ಹೇಳುವುದು! ಕಟ್ಟಡದ ಅಷ್ಟೂ ನಲ್ಲಿಗಳು ಒಮ್ಮೆಲೇ ಬಾಯಿ ತೆರೆದವು. ಬಕೆಟ್ಟು, ಡ್ರಮ್ಮು, ಕುಕ್ಕರು ತುಂಬಿದವು. ಮೇಷ್ಟ್ರ ಹೆಂಡತಿ ಟಿಫಿನ್ ಕ್ಯಾರಿಯರಿನ ನಾಲ್ಕೂ ಡಬ್ಬಿಗೆ ನೀರು ಹಿಡಿದು ಮುಚ್ಚಳ ಬಿಗಿದರು. ಮೇಷ್ಟ್ರು ಮಳೆಗಾಲದ ಬೂಟುಗಳನ್ನೂ ತಂದರಂತೆ, ಹೆಂಡತಿ ಗದರಿದ್ದರಿಂದ ವಾಪಸು ಇಟ್ಟರು. ಮೇಲಿನ ಟ್ಯಾಂಕು ಖಾಲಿಯಾಯಿತು. ಮೋಟಾರು ಹಾಕಿದರು. ಸಂಪೂ ಖಾಲಿಯಾಯಿತು. ಎಲ್ಲರೂ ನಲ್ಲಿಯ ಮುಂದೆ ಇದ್ದರೆ ಮೋಟಾರಿನ ಸ್ವಿಚ್ಚು ಆರಿಸುವವರು ಯಾರು? ಅದು ಬರಿದೇ ತಿರುಗಿ ತಿರುಗಿ, ಕೊನೆಗೆ ಹೊಗೆ ಬಿಟ್ಟು ತಣ್ಣಗಾಯಿತು. ರಿಪೇರಿಯವನು ಬಂದು ಮೋಟಾರನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು, "ಮೂರು ದಿನ ಆಗುತ್ತೆ" ಎಂದು ಹೋದ.

"ಮೂರು ದಿನ!" ಎಂದರು ಮೇಷ್ಟ್ರು. "ಕೇಳಿಸ್ಕೊಂಡ್ರಾ? ನೀರು ನಿಂತಿದೆ, ಅದಕ್ಕೇ ಸಂಪು ಬತ್ತಿದೆ, ಅದಕ್ಕೇ ಮೋಟಾರು ಸುಟ್ಟಿದೆ. ಟೋಕನಪ್ಪ ಹೇಳಿದ್ದು ಒಂದು ಅಕ್ಷರ ಸುಳ್ಳಾಗಲಿಲ್ಲ. ಅವನು ಹೇಳದೇ ಇದ್ದಿದ್ರೆ ನಮ್ಮ ಗತಿ ಏನು?"

ಪಕ್ಕದ ಕಟ್ಟಡದಲ್ಲಿ ನಲ್ಲಿ ಧಾರಾಳವಾಗಿ ಬರುತ್ತಿದೆಯಲ್ಲ ಎಂದು ಯಾರೋ ಕೇಳಿದರು. "ಅವರದು ಬೇರೆ ಪೈಪು" ಎಂದು ಮೇಷ್ಟ್ರು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು. ಸಂಜೆ ಮನೆಗೆ ಬಂದ ಟೋಕನಪ್ಪನಿಗೆ ಕಾಲು ತೊಳೆಯಲು ಮೂರು ಮನೆಯವರು ಚೊಂಬು ಹಿಡಿದು ನಿಂತಿದ್ದರು. ಅವನಿಗೆ ನೆಲ ಕಾಣಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೇಷ್ಟ್ರು ಶಿಸ್ತಿನವರು. ನೀರಿನ ಇಲಾಖೆಗೆ ಫೋನು ಮಾಡಿ, ಮುಂಚಿತವಾಗಿ ಪ್ರಕಟಣೆ ಕೊಟ್ಟದ್ದಕ್ಕೆ ಎಲ್ಲ ನಿವಾಸಿಗಳ ಪರವಾಗಿ ಧನ್ಯವಾದ ಹೇಳಿದರು. ಇಲಾಖೆ ಹುಟ್ಟಿದ ಮೇಲೆ ಅದಕ್ಕೆ ಯಾರಾದರೂ ಧನ್ಯವಾದ ಹೇಳಿದ್ದು ಅದೇ ಮೊದಲು. ಇಡೀ ಆಫೀಸು ಗಾಬರಿಯಾಯಿತು. ಏನೋ ಭಾರಿ ಎಡವಟ್ಟಾಗಿದೆ, ಹೋಗಿ ನೋಡಿಕೊಂಡು ಬಾ ಎಂದು ವಾಟರ್‌ಮ್ಯಾನನ್ನು ಅಟ್ಟಿದರು.

ಅವನು ಸೈಕಲ್ಲಿನಲ್ಲಿ ಬಂದಾಗ ಟೋಕನಪ್ಪನಿಗೆ ವಾರದ ರಜೆ. ಕುರ್ಚಿಯಲ್ಲಿ ಕೂತಿದ್ದ, ಸುತ್ತ ಸಭೆ ನೆರೆದಿತ್ತು, ಅಕ್ಕನ ಮನೆಗೆ ಬಂದಿದ್ದ ಭಾಮೈದನೂ ಇದ್ದ.

"ನೀರು ನಿಂತಿದೆ ಅಂದವರು ಯಾರು?" ಎಂದ ವಾಟರ್‌ಮ್ಯಾನ್.

"ನಿಮ್ಮ ಇಲಾಖೆಯೇ. ದೊಡ್ಡ ಪೈಪು ಒಡೆದಿದೆಯಲ್ಲ," ಎಂದ ಟೋಕನಪ್ಪ, ಗಂಭೀರವಾಗಿ.

"ದೊಡ್ಡ ಪೈಪಾ? ಅದನ್ನ ಕೂಡಿಸಿದ್ದು ನಾನೇ ಸ್ವಾಮಿ! ನಾಲ್ಕು ವರ್ಷ ಆಯ್ತು. ಆಗ ನನಗೆ ಮದುವೇನೂ ಆಗಿರಲಿಲ್ಲ. ಈಗ ಎರಡು ಮಕ್ಕಳು!"

ಸಭೆ ಟೋಕನಪ್ಪನ ಕಡೆ ತಿರುಗಿತು. ಟೋಕನಪ್ಪ ಭಾಮೈದನ ಕಡೆ ತಿರುಗಿದ. ಭಾಮೈದ ಎದ್ದು ಒಳಗೆ ನಡೆದ, ಹಿಂದೆ ಸಭೆಯೂ ನುಗ್ಗಿತು, ವಾಟರ್‌ಮ್ಯಾನ್ ಕೂಡ ಚಪ್ಪಲಿ ಬಿಟ್ಟು ಬಂದ. ಎಲ್ಲರ ಕಣ್ಣು ಪರದೆಯ ಮೇಲೆ.

"ಭಾವಾ!" ಎಂದು ಭಾಮೈದ ಹಣೆ ಚಚ್ಚಿಕೊಂಡ. "ಹಳೆಯದು ಮೊದಲು ಅಂತ ಯಾರು ಹಾಕಿದ್ದು? ಇದು ನಾಲ್ಕು ವರ್ಷದ ಹಿಂದಿನ ಸುದ್ದಿ!"

"ಮೊದಲು ಬಂದವರನ್ನ ಮೊದಲು ನೋಡ್ಬೇಕಲ್ವೇನಪ್ಪಾ..." ಎಂದ ಟೋಕನಪ್ಪ.

"ಹಾಗಾದ್ರೆ ನನ್ನ ಟಿಫಿನ್ ಕ್ಯಾರಿಯರು?" ಎಂದರು ಮೇಷ್ಟ್ರ ಹೆಂಡತಿ. "ಮೋಟಾರಿನ ಖರ್ಚು?" ಎಂದರು ಇನ್ನೊಬ್ಬರು. "ಯಾರ ಬ್ರೌಸರಿನಲ್ಲಿ ಓದಿದ್ದು ಇದನ್ನ?" ಎಂದು ಮೇಷ್ಟ್ರು ಗುಡುಗಿದರು. ಈ ಗಲಾಟೆಯ ನಡುವೆ ಭಾಮೈದ ಆ ಸಾಲನ್ನು ಒತ್ತಿದ. ಹೊಸದು ಮೊದಲು. ಸಾಲಿನ ಕೊನೆಯಲ್ಲಿದ್ದದ್ದು ಎದ್ದು ಮುಂದೆ ಬಂತು.

ದೊಡ್ಡಾಸ್ಪತ್ರೆ ಇವತ್ತು ಬೆಳಿಗ್ಗೆ ಎರಡನೇ ಸಲ ಹಾಕಿದ್ದ ಪ್ರಕಟಣೆ ಅದು. ರೋಗಿಗಳ ಗೌನು ಹೊಲಿಯುವವರು ಬೇಕಾಗಿದ್ದಾರೆ. ಮುಂಬಾಗಿಲಿನ ಕಿಟಕಿಯಲ್ಲಿ ಟೋಕನ್ ಪಡೆದು, ಮಾದರಿ ಗೌನನ್ನು ಸ್ಟೋರ್ಸಿಗೆ ತಂದು ಕೊಡಬೇಕು. ಕೊನೆಯ ದಿನ ಇವತ್ತು. ಕೊನೆಯ ಹೊತ್ತು ಮಧ್ಯಾಹ್ನ ಒಂದು.

ಬಟ್ಟೆ ಚೀಲಗಳು, ಟೇಪುಗಳು, ಸೊಟ್ಟ ಅಂಚು ಎಲ್ಲ ಒಂದೊಂದಾಗಿ ಟೋಕನಪ್ಪನ ಕಣ್ಣ ಮುಂದೆ ಬಂದು ನಿಂತವು. ತನ್ನ ಕೈಯಾರೆ ಹರಿದು ಕೊಟ್ಟ ಟೋಕನುಗಳು!

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಬೆರಳಲ್ಲಿ ಸೂಜಿ, ಸೂಜಿಯಲ್ಲಿ ದಾರವಿಲ್ಲ. ಅವಳು ಕೂಗಾಡಲಿಲ್ಲ. "ಊರಿಗೆಲ್ಲ ಟೋಕನ್ ಕೊಟ್ರಿ," ಅಂದಳು. "ನನ್ನ ಮಾತ್ರ ಬಾಲದಲ್ಲಿ ನಿಲ್ಲಿಸಿದ್ರಿ."

ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಟೋಕನಪ್ಪನಿಗೆ ಇಷ್ಟು ಜನರ ಮುಂದೆ ಅಳು ಬಂದುಬಿಟ್ಟಿತು. ಅವನು ಕಂಪ್ಯೂಟರಿನ ಮುಂದಿದ್ದ ಕುರ್ಚಿಯನ್ನೆಳೆದು ಹತ್ತಿ ಬೀರುವಿನ ಮೇಲಿಂದ ಗೌನಿನ ಗಂಟು ತೆಗೆದ. "ನಡಿ" ಎಂದ. ಮೇಷ್ಟ್ರು ಕೈಗಡಿಯಾರ ನೋಡಿ ಬೈಗುಳವನ್ನು ಸಂಜೆಗೆ ಮುಂದೂಡಿದರು. ಭಾಮೈದನ ಸ್ಕೂಟರು ಮೂವರನ್ನು ಹೊತ್ತು ಏದುಸಿರು ಬಿಡುತ್ತ ಆಸ್ಪತ್ರೆ ಮುಟ್ಟಿತು.

ಮುಂಬಾಗಿಲಿನ ಕಿಟಕಿಯಲ್ಲಿ ಇವನ ಬದಲಿಗೆ ಕೂತಿದ್ದ ಗುಮಾಸ್ತ ಟೋಕನ್ ಕೊಟ್ಟ. ಸ್ಟೋರ್ಸಿನ ಮುಂದೆ ಸಾಲು ಮೂಲೆ ತಿರುಗಿ ನಿಂತಿತ್ತು, ಗಡಿಯಾರದ ಮುಳ್ಳು ಒಂದರ ಹತ್ತಿರಕ್ಕೆ ಬಂದಿತ್ತು. ಟೋಕನಪ್ಪ ಬೆವರೊರೆಸಿಕೊಂಡು ಎಲ್ಲರಿಗಿಂತ ಮುಂದಿದ್ದ ಹೆಂಗಸಿನ ಬಳಿ ಹೋದ. ಇಂಥ ಮಾತು ಅವನ ಬಾಯಲ್ಲಿ ಹುಟ್ಟಿದ್ದು ಅದೇ ಮೊದಲು.

"ಅಮ್ಮಾ, ನನ್ನ ಹೆಂಡತೀನ ಸ್ವಲ್ಪ ಮುಂದೆ ಬಿಡ್ತೀರಾ?"

ಆಕೆ ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವು ಆ ಕಿಟಕಿಯೋರಲ್ವಾ? ಹೋದ ತಿಂಗಳು ಹಲ್ಲುನೋವು ಅಂತ ಕೆನ್ನೆ ಹಿಡ್ಕೊಂಡು ಬಂದಿದ್ದೆ. 'ಬಾಲ ಅಲ್ಲಿದೆ' ಅಂದ್ರಿ. ನನ್ನ ಅಂಚು ಸೊಟ್ಟ ಅಂದು ಬಿಚ್ಚಿ ಮತ್ತೆ ಹೊಲಿದು ತರೋ ಹಾಗೆ ಮಾಡಿದೋರೂ ನೀವೇ. ಹೋಗಿ ಸ್ವಾಮಿ, ಬಾಲ ಅಲ್ಲೇ ಇದೆ."

ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಟೋಕನಪ್ಪ ತಲೆ ತಗ್ಗಿಸಿಕೊಂಡು ಬಾಲಕ್ಕೆ ಬಂದ. "ಸುಮ್ನೆ ನಿಂತ್ಕೊಳ್ಳಿ," ಅಂದಳು ಹೆಂಡತಿ, "ನನಗೆ ಕಾದು ಅಭ್ಯಾಸ ಇದೆ." ಸಾಲು ಒಂದೊಂದೇ ಹೆಜ್ಜೆ ಮುಂದೆ ಹೋಯಿತು. ಒಬ್ಬೊಬ್ಬರೂ ಮಾದರಿಯನ್ನು ಮೇಜಿನ ಮೇಲೆ ಇಡುತ್ತ ಹೋದಂತೆ ಒಂದರ ಮೇಲೊಂದು ರಾಶಿಯಾಯಿತು. ಅವಳು ತನ್ನ ಗೌನನ್ನು ರಾಶಿಯ ತುದಿಯಲ್ಲಿ ಇಡುವುದಕ್ಕೂ ಜವಾನ ಬಾಗಿಲು ಎಳೆಯುವುದಕ್ಕೂ ಸರಿಹೋಯಿತು.

ಸ್ಟೋರ್ಸ್ ಮೇಡಂ ಕನ್ನಡಕ ಏರಿಸಿಕೊಂಡು ರಾಶಿಯ ಮುಂದೆ ಕೂತರು. ಬೆಳಗಿನಿಂದ ಊಟವಿಲ್ಲದ ಮುಖ. ಕೈಗೆ ಸಿಕ್ಕಿದ ಮೊದಲನೆಯ ಗೌನನ್ನು, ಎಂದರೆ ಎಲ್ಲಕ್ಕಿಂತ ಮೇಲಿದ್ದುದನ್ನು, ತೆಗೆದು ಅದರ ಲಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. ಜವಾನನ ಕೈಲೂ ಜಗ್ಗಿಸಿದರು. ಹೊಲಿಗೆ ಕದಲಲಿಲ್ಲ.

"ಇದು ಸಾಕು. ಅಷ್ಟನ್ನೂ ಜಗ್ಗೋಕೆ ನನಗೆಲ್ಲಿದೆ ಶಕ್ತಿ? ಯಾರದಿದು?"

ಟೋಕನಪ್ಪ ಒಂದು ಹೆಜ್ಜೆ ಮುಂದೆ ಬಂದ. ಕೊನೆಗೆ ಬಂದವರನ್ನು ಮೊದಲು ನೋಡುವುದೇ? ಬೆಳಗಿನಿಂದ ನಿಂತವರದ್ದು ರಾಶಿಯ ಅಡಿಯಲ್ಲಿದೆಯಲ್ಲ! ಇಷ್ಟು ವರ್ಷ ಉಂಡ ಉಪ್ಪು ಅವನ ಬಾಯಿ ತೆರೆಸಿತು.

"ಮೇಡಂ, ಅದು ಕೊನೇ..."

ಹೆಂಡತಿ ತಿರುಗಿ ನೋಡಿದಳು. ಆ ನೋಟಕ್ಕೆ ಗಾಜೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ.

"...ಕೊನೇತನಕ ಬಾಳಿಕೆ ಬರುತ್ತೆ ಮೇಡಂ," ಎಂದ ಟೋಕನಪ್ಪ. "ನನ್ನ ಹೆಂಡತಿ ಹೊಲಿದಿದ್ದು."

ಸಂಜೆ ಹೊಲಿಗೆ ಯಂತ್ರ ಕಿಟಕಿಯ ಕೆಳಗಿನ ಮೇಜಿಗೆ ಮರಳಿತು. ಯಾರೂ ಹೇಳದೆಯೇ ಟೋಕನಪ್ಪ ಕಂಪ್ಯೂಟರನ್ನು ಎತ್ತಿಕೊಂಡು ಹೋಗಿ ಬಚ್ಚಲುಮನೆಯ ಬಾಗಿಲ ಪಕ್ಕ, ಟವೆಲುಗಳ ಕೆಳಗೆ, ಸ್ಟೂಲಿನ ಮೇಲೆ ಇಟ್ಟ. ಚಾಲೂ ಮಾಡಿದ. ಮೇಷ್ಟ್ರ ಬ್ರೌಸರ್ ವಿನಯದಿಂದ ಕೇಳಿತು, ನನ್ನನ್ನು ನಿಮ್ಮ ಮುಖ್ಯ ಬ್ರೌಸರ್ ಮಾಡಿಕೊಳ್ಳುವಿರಾ? ಟೋಕನಪ್ಪ ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ, "ಬೇಡ" ಎನ್ನುವುದನ್ನು ಒತ್ತಿದ. ಮನೆ ಬಿದ್ದುಹೋಗಲಿಲ್ಲ. ಅವನಿಗೇ ಆಶ್ಚರ್ಯವಾಯಿತು.

ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಮುಂದೂಡಿದ್ದ ಬೈಗುಳವನ್ನು ಹೊತ್ತುಕೊಂಡು ಮೇಷ್ಟ್ರು ಬರುತ್ತಿದ್ದರು. ಟೋಕನಪ್ಪ ಅವರಿಗೆ ಬಾಯಿ ತೆರೆಯಲು ಬಿಡದೆ ಬಾಗಿಲಿಗೆ ಓಡಿದ.

"ಮೇಷ್ಟ್ರೇ, ಸುದ್ದಿ ಕೇಳಿದ್ರಾ? ನನ್ನ ಹೆಂಡತಿಗೆ ಆಸ್ಪತ್ರೆ ಕೆಲಸ ಸಿಕ್ತು!"

ಮೇಷ್ಟ್ರು ಕಣ್ಣು ಕಿರಿದು ಮಾಡಿ ಅವನನ್ನು ನೋಡಿದರು. "ಯಾವ ವರ್ಷದ ಸುದ್ದಿಯಪ್ಪಾ ಇದು?"

ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದ ಹೆಂಡತಿ ತಲೆಯೆತ್ತದೆ ಹೇಳಿದಳು:

"ಇವತ್ತಿನದೇ ಮೇಷ್ಟ್ರೇ. ಬಕೆಟ್ ತುಂಬಿಸ್ಕೊಳ್ಳೋದೇನೂ ಬೇಡ."